ಬಾ ಬೇ ಅಂದ್ರ ಬೇಬಿ ಅಲ್ಲ

ಮಸ್ಕತ್,
ಜನವರಿ ೧೨, ಸೋಮವಾರ ರಾತ್ರಿ

ಮೂರ ದಿನದ ಮೆಹನತ್ ಒಂದ ಮಾತಿಗೆ ಹಾಳಾಗಿ ಹೋತು ನೋಡು ಬೇ ಯವ್ವಾ, ಅದೂ ನಿನ್ನ ಸಲುವಾಗಿ. ಮುಂಜಾನಿ ಒಂದ ಬಕೀಟಿನ ತೂಕ ತಪ್ಪ ಬರದು ಒಮ್ಮೆ ಅನಿಸಿಕೊಂಡಿದ್ದೆ, ಬೂಟಿನಾಗ ನೀರ ಹೊಕ್ಕು ಕಾಲ ಬ್ಯಾರೆ ಸೆಟದಿದ್ವು, ಅದೆಲ್ಲಾ ಸಾಲದ್ದಕ್ಕ ಮಧ್ಯಾಹ್ನ ಇದು. ಊಟದ ಸುಟ್ಟಿಯಾಗ ಕೊಳದ ಹಿಂದ ನೆರಳಿಗೆ ಕುಂತು ನಿನಗ ಒಂದು ವಾಯ್ಸ್ ಹೇಳಾಕತ್ತಿದ್ದೆ. 'ಬಾ ಬೇ, ಒಂದ ಸಲರೆ ಫೋನಿಗೆ ಬಾ ಬೇ' ಅಂದೆ, ಅಷ್ಟ. ನೀ ಬರಲಿಲ್ಲ. ಜಾಳಿಗಿ ಆಚಿಂದ ರೂಬಿ ಬಂದ್ಲು. ಹೊಟ್ಟಿ ಎಳಕೋತ ದಬಾದಬಾ ಬಂದು, ಮೀಸಿ ಮ್ಯಾಲಿನ ನೀರ ಝಾಡಿಸಿ, ನನ್ನ ಮುಂದ ಬಾಯಿ ತಕ್ಕೊಂಡು ನಿಂತ್ಲು. ಮ್ಯಾಲೆ ಕಟ್ಟಿ ಮ್ಯಾಲ ನಮ್ಮ ಮಾರಿಸೋಲ್ ಮೇಡಂ ನಿಂತು ನೋಡಾಕತ್ತಿದ್ರು. ನಮಗ ಕೆಲಸ ಕಲಸೋರು ಅವರ. ಅವರು ಬೈಯಂಗಿಲ್ಲ, ಬೈದಿದ್ರ ಚಲೋ ಇತ್ತು. ವಹಿ ತಗದು ಬರದ್ರು: ಕಲಿಯಾಕ ಬಂದಂವ ತಾನೇ ಕರದಾನ, ಮತ್ತ ಮೊದಲಿಂದ ಸುರು.

ರೂಬಿ ಅಂದ್ರ ಹುಡುಗಿ ಅಲ್ಲ, ಗಾಬರಿ ಆಗಬ್ಯಾಡ. ತಂಗಿ ಭಾಗ್ಯಾ, ಅವ್ವಗ ಓದಿ ಹೇಳುವಾಗ ಇಲ್ಲಿ ನಗಬ್ಯಾಡ, ಸೀದಾ ಓದು. ರೂಬಿ ಅಂದ್ರ ಸಮುದ್ರದ ಜನಾವರ. ಇಂಗ್ಲೀಷಿನಾಗ ಸಮುದ್ರದ ಸಿಂಹ ಅಂತಾರ, ಸಿಂಹ ಏನೂ ಇಲ್ಲ ಅದರಾಗ, ನಮ್ಮ ಎಮ್ಮಿ ಕರಾ ಹೊಂಡದಾಗ ಮುಳಗಿ ಎದ್ದು ನಿಂತ್ರ ಹ್ಯಾಂಗ ಕಾಣ್ತದೋ ಹಂಗ. ಕಾಲಿನ ಜಾಗಾದಾಗ ದೋಣಿ ಹುಟ್ಟು ಇದ್ದಂಗ ಅಗಲ ರೆಕ್ಕಿ. ಕಣ್ಣ ಮಾತ್ರ ದೇವರಾಣಿ ನಮ್ಮ ಗೌರಿ ಎಮ್ಮಿದ ಕಣ್ಣ.

ಪ್ರೀತಿಯ ಅವ್ವಗ ನಿನ್ನ ಮಗ ಶ್ರೀಮಂತ ಮಾಡುವ ಶರಣು. ಮೊದಲ ಇದನ್ನ ಅನಬೇಕಿತ್ತು, ಸಿಟ್ಟಿನಾಗ ಹಿಂದ ಉಳೀತು. ನಿನ್ನ ಮೊಣಕಾಲ ಹ್ಯಾಂಗ ಅದ? ಆಳಂದದ ಡಾಕ್ಟರ ಕೊಟ್ಟ ಎಣ್ಣಿ ತಿಕ್ಕಾಕತ್ತೀ ಇಲ್ಲಾ ಗ್ವಾಡಿ ಮಾಡದಾಗ ಇಟ್ಟು ಸುಮ್ನ ಕುಂತೀ? ತೊಗರಿ ರಾಶಿ ಮುಗೀತೇನು? ಮಷಿನ್ ಬಂದ್ರೂ ಹೊಟ್ಟಿನಾಗ ಉಳದ ಕಾಳ ಆರಸ್ಕೋತ ನೀ ಬಿಸಲಾಗ ಕೂಡ್ತಿ, ನನಗ ಗೊತ್ತು. ಅಪ್ಪನ ಕೆಮ್ಮು? ಗೌರಿ ಈದದ ಅಂತ ಭಾಗ್ಯಾ ಹೇಳಿದ್ಲು, ಗಿಣ್ಣದ ಫೋಟೋ ಕಳಸಿದ್ಲು. ಫೋಟೋ ನೋಡಿ ಏನ ಮಾಡ್ಲಿ, ನೆಕ್ಕಾಕ ಬರ್ತದೇನು?

ಈ ಕಾಗದ ಹ್ಯಾಂಗ ಬರದೇನಿ ಅಂತ ಕೇಳು. ನೀ ಹೇಳಿ ಕಳಿಸಿದ್ದಿಲ್ಲೇನು, 'ಮೀನ ಹಿಡದ ಕೈಲೆ ನನಗ ಫೋನ್ ಮಾಡಬ್ಯಾಡ ಅನ್ನು' ಅಂತ? ಫೋನಿಗೆ ಕೈ ಹಚ್ಚಿಲ್ಲ ನೋಡು. ತಲಿದಿಂಬಿನ ಮ್ಯಾಲ ಇಟ್ಟು, ಮುಂದ ಕುಂತು ಬಾಯಿಲೆ ಹೇಳಾಕತ್ತೇನಿ, ಅದು ತಾನೇ ಅಕ್ಷರ ಮಾಡ್ಕೊಳ್ತದ. ಗುಂಡಿ ಒತ್ತಿದಂವ ನನ್ನ ಖೋಲಿ ದೋಸ್ತ, ಜೇವರ್ಗಿ ಬಂದೇನವಾಜ. ಒತ್ತಿ, 'ನಿಮ್ಮವ್ವಗ ನನ್ನ ಸಲಾಂ ಸೇರಿಸು ಲೇ' ಅಂದು ಮಲಗ್ಯಾನ. ಅವನ ಕೈಗೆ ನಿನ್ನ ಹುಕುಂ ಇಲ್ಲ, ಹೌದಿಲ್ಲೋ? ವಾಯ್ಸ್ ಕಳಿಸಿದ್ರ ನೀ ಕೇಳವಲ್ಲಿ, ಅದಕ್ಕ ಅಕ್ಷರ. ಭಾಗ್ಯಾ ಓದ್ತಾಳ, ನೀ ರೊಟ್ಟಿ ಬಡ್ಕೋತ ಕೇಳಿದ್ರೂ ಆತು, ಕೇಳಿಲ್ಲ ಅಂತ ಮಾರಿ ಆ ಕಡಿ ಮಾಡಿದ್ರೂ ಆತು. ಈ ಫೋನಿಗೆ ನಮ್ಮ ಮಾತು ಬರೋಬ್ಬರಿ ತಿಳಿಯಂಗಿಲ್ಲ, 'ಹೊಂಟೇನಿ' ಅಂದ್ರ 'ಹೋಟೆಲ್' ಅಂತ ಬರಿತದ. ಎಲ್ಲೆ ಹೋಟೆಲ್ ಬರ್ತದೋ ಅಲ್ಲೆ ಹೊಂಟೇನಿ ಅಂತ ತಿದ್ದಿ ಓದು ಭಾಗ್ಯಾ.

ಎಳ್ಳ ಅಮಾಸಿ ದಿನಾ ಆದದ್ದು ನನಗ ಎಲ್ಲಾ ಗೊತ್ತಾಗ್ಯಾದ. ಹೊಲದಾಗ ಚಾದರ ಹಾಸಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಹಚ್ಚಿಕೊಂಡು ಎಲ್ಲಾರೂ ಊಟಕ್ಕ ಕುಂತಾಗ ನಮ್ಮ ಗುರುಲಿಂಗ, ಕಾಕಾನ ಮಗ ಅನ್ನಿಸಿಕೊಂಡಂವ, ಫೋನ್ ತಗದು 'ದೊಡ್ಡವ್ವಾ, ನಿನ್ನ ಮಗ ಟಿವ್ಯಾಗ ಬಂದಾನ' ಅಂದನಂತ. ಟಿವಿ ಅಲ್ಲ ಅದು, ಯಾರೋ ನೋಡಾಕ ಬಂದವರು ತಗದ ವಿಡಿಯೋ. ಅದರಾಗ ನಾ ನೀಲಿ ಅಂಗಿ ತೊಟ್ಟು, ಎಡಗೈಯಾಗ ಬಕೀಟು, ಬಲಗೈಯಾಗ ಇಷ್ಟುದ್ದ ಮೀನ. ನಿನ್ನ ಕೈಯಾಗಿನ ಕಡಬು ತಾಟಿನಾಗ ಹಂಗ ಇಟ್ಟಿ ಅಂತ ಭಾಗ್ಯಾ ಹೇಳಿದ್ಲು. ಅಲ್ಲಿಂದ ಇವತ್ತಿಗೆ ಇಪ್ಪತ್ನಾಕ ದಿನಾ ಆತು, ನಿನ್ನ ದನಿ ನಾ ಕೇಳಿಲ್ಲ. ನಾ ಸುಳ್ಳ ಹೇಳಿದ್ದೆ, ಖರೇ. ಕೊಳಾ ತೊಳಿಯೋ ಕೆಲಸ ಅಂದಿದ್ದೆ. ಮೊದಲ ಅದ ಇತ್ತು ಬೇ. ನೀರಿನ ಪಂಪ ನೋಡಿಕೊಳ್ಳೋ ಬಂದೇನವಾಜ ಅದಕ್ಕಂತ ಕರಕೊಂಡು ಬಂದಿದ್ದ. ಆಮ್ಯಾಲ ಮೀನಿನ ಅಡಗಿಮನಿಗೆ ಹಾಕಿದ್ರು, ಆಮ್ಯಾಲ ಈಸಾಕ ಬರ್ತದೇನು ಅಂತ ಕೇಳಿದ್ರು. ನಮ್ಮ ಖಜೂರಿ ಊರಿನ ಬಾವ್ಯಾಗ ಹಾರಿ ಹಾರಿ ನಿನ್ನ ಕೈಲೆ ಬಡಸಿಕೊಂಡಂವಗ ಈಸಾಕ ಬರ್ತದೇನು ಅಂತ ಕೇಳ್ತಾರ! ಒಂದ ಉಸರಿನಾಗ ಕೊಳದ ಈ ಗ್ವಾಡಿಯಿಂದ ಆ ಗ್ವಾಡಿಗೆ ನೀರೊಳಗ ಹೋಗಿ, ತಳದಾಗ ಇಟ್ಟಿದ್ದ ಕಬ್ಬಣದ ಬಿಲ್ಲಿ ತಗೊಂಡು ಬಂದೆ. ಎಂಟು ಮಂದಿಯಾಗ ಇಬ್ಬರು ಪಾಸು, ಒಬ್ಬಂವ ನಾ. ಈಗ ಎರಡ ವರ್ಷ ಪೂರಾ ಟ್ರೇನಿಂಗ ಕೊಟ್ಟು ಟ್ರೇನರ್ ಮಾಡ್ತಾರ. ಅದಕ್ಕ ಒಂದ ಕಾಗದದ ಮ್ಯಾಲ ಸಹಿ ಮಾಡಬೇಕು. ಈ ಗುರುವಾರ ಕಡೀ ದಿನಾ. ನೀ ಮಾತ ಬಿಟ್ಟು ಕುಂತ್ರ ನಾ ಹ್ಯಾಂಗ ಸಹಿ ಮಾಡ್ಲಿ? ಇದು ನನ್ನ ತಕರಾರು, ಉಳದದ್ದೆಲ್ಲಾ ಸುಳ್ಳ.

ಏನ ಕಲಿತಾನ ಇಂವ ಮೀನ ಒಗಿಯೂದು ಅಂತ ನಿನಗ ಅನಿಸಿರಬೇಕು. ಮೀನ ಒಗಿಯೂದು ಒಂದ ದಿನದಾಗ ಬರ್ತದ ಬೇ. ಮುಂಜಾನಿ ಐದಕ್ಕ ಎದ್ದು ಬರ್ಫಿನ್ಯಾಗಿನ ಮೀನ ತಣ್ಣೀರಿನಾಗ ಕರಗಿಸಿ, ಒಂದೊಂದ ಕೈಯಾಗ ಹಿಡದು ನೋಡಬೇಕು. ಹೊಟ್ಟಿ ಒಡದದ್ದು, ಕಣ್ಣ ಕೆಂಪಾದದ್ದು ತಗದು ಒಗಿಬೇಕು. ನೀ ಅಕ್ಕ್ಯಾಗಿನ ಹರಳ ಆರಿಸಿದಂಗ. ಯಾವ ಜನಾವರಕ್ಕ ಎಷ್ಟು, ಅದು ಉಂಡದ್ದೆಷ್ಟು, ಬಿಟ್ಟದ್ದೆಷ್ಟು, ಮಾರಿ ಹ್ಯಾಂಗಿತ್ತು, ಎಲ್ಲಾ ವಹ್ಯಾಗ ಬರೀಬೇಕು, ಅದೂ ಇಂಗ್ಲೀಷಿನಾಗ. ಮಧ್ಯಾಹ್ನ ಕ್ಲಾಸು: ಅದರ ಹಲ್ಲ ಎಷ್ಟು, ಉಸರ ಹ್ಯಾಂಗ ಕಟ್ತದ, ಯಾವ ಬ್ಯಾನಿಗೆ ಏನ ಗುರುತು. ತೂಕದ ಮಷಿನ್ ಮ್ಯಾಲ ತಾನೇ ಹತ್ತಿ ಕೂಡಾಕ ಕಲಸಬೇಕು, ಡಾಕ್ಟರ ಬಂದ್ರ ತಾನೇ ಬಾಯಿ ತಗದು ಹಲ್ಲ ತೋರಸಾಕ ಕಲಸಬೇಕು. ಸೂಜಿ ಚುಚ್ಚಿಸಿಕೊಳ್ಳಾಕನೂ ತಾನೇ ರೆಕ್ಕಿ ಚಾಚಿ ಕೊಡ್ತದ ಅಂದ್ರ ನೀ ನಂಬಂಗಿಲ್ಲ. ನಮ್ಮಪ್ಪ ದವಾಖಾನಿಗೆ ಬಾ ಅಂದ್ರ ಹಿತ್ತಲಕ್ಕ ಓಡ್ತಾನ. ಹೊಡಿಯಂಗಿಲ್ಲ, ಬಡಿಯಂಗಿಲ್ಲ, ದನಿ ಸುದ್ದಾ ಏರಸಂಗಿಲ್ಲ. ಅದು ಬರೋಬ್ಬರಿ ಮಾಡಿದ ಘಳಿಗಿಗೆ ಸೀಟಿ ಊದಬೇಕು, ಹಿಂದಿಂದ ಮೀನ ಕೊಡಬೇಕು. ಸೀಟಿ ಅಂದ್ರ 'ಹಾಂ, ಇದ, ಇದನ್ನ ಮಾಡಿದ್ದು ಚಲೋ ಆತು' ಅಂತ. ಅಪ್ಪ ಹೊಸಾ ಹೋರಿ ನೊಗಕ್ಕ ಹೂಡಿದಾಗ ನಾಕ ಹೆಜ್ಜಿ ಸೀದಾ ನಡದ್ರ ನಾಲಿಗಿಲೆ ಚಕ್ ಚಕ್ ಅಂದು ಅಂಗೈಯಾಗಿನ ಹಿಂಡಿ ನೆಕ್ಕಿಸ್ತಿದ್ದ, ನೆಪ್ಪ ಅದ ಇಲ್ಲ? ಇದನ್ನ ನಾ ಕ್ಲಾಸಿನಾಗ ಎದ್ದು ನಿಂತು ಹೇಳಿದೆ. ಮೇಡಂ ಬೋರ್ಡಿನ ಮ್ಯಾಲ ಎತ್ತಿನ ಚಿತ್ರಾ ತಗದ್ರು. ಬಾಲ ತಪ್ಪ ಜಾಗಾದಾಗ ತಗದಿದ್ರು, ಖರೇ ತಗದ್ರು. ನಮ್ಮಪ್ಪ ಚಂದ್ರಾಮಪ್ಪನ ಹೆಸರ ಅಲ್ಲಿ ಬರದ್ರು ಅಂತ ಅವಗ ಹೇಳು.

ನೀ ಅಂತಿದ್ದಿ, 'ಇವನ ಅಂಗಾಲಾಗ ಚಕ್ಕಡಿ ಗಾಲಿ ಕಟ್ಯಾವ' ಅಂತ. ಖಜೂರಿ ರೋಡಿಗೆ ಬಂದ ಲಾರಿ ಹತ್ತಿ ಸೋಲಾಪುರ, ಅಲ್ಲಿ ಚಾದರ ಮಿಲ್ ನಾಕ ತಿಂಗಳ, ಪುಣೆಯಾಗ ಗೋದಾಮು, ಕಲಬುರ್ಗಿಯಾಗ ಮೊಬೈಲ್ ಅಂಗಡಿ. ಎಲ್ಲೂ ನಿಂದರಲಿಲ್ಲ ನಾ. ಇಲ್ಲೆ ಬಂದು ಒಂದ ವರ್ಷದ ಮ್ಯಾಲ ಆತು, ಒಂದ ದಿನಾನೂ ಗಂಟು ಕಟ್ಟಬೇಕು ಅನಿಸಿಲ್ಲ. ಇದು ನನಗೂ ನಂಬಿಗಿ ಬಾರದ ಸುದ್ದಿ, ಆದ್ರ ಖರೇ ಅದ.

ಈಗ ಆ 'ಬಾ ಬೇ' ಕಥಿ ಕೇಳು. ರೂಬಿ ಜೋಡಿ ನನ್ನ ಮೊದಲನೇ ದಿನಾ. ಅಕಿ ಒಳಗಿನ ಕೊಳದಾಗ, ನಾ ಹೊರಗ. ಕೋಲಿನ ತುದಿ ಚೆಂಡ ತೋರಿಸಿ ಅಕಿನ್ನ ಕಟ್ಟಿಗೆ ಕರೀಬೇಕು, ಬಂದ ಕೂಡ್ಲೇ ಸೀಟಿ ಊದಬೇಕು. ಸೀಟಿ ಕೊಳ್ಳಾಗ ಹಾಕ್ಕೊಂಡು ಕೋಲ ಚಾಚಿದೆ. ಅದು ಕೈ ಜಾರಿ ನೀರಾಗ ಬಿತ್ತು. ಮೇಡಂ ನೋಡಾಕತ್ಯಾರ, ಉಳದವರು ನಗಾಕತ್ಯಾರ. ಏನ ಮಾಡ್ಬೇಕು ತಿಳೀದ ಬಾಯಾಗಿಂದ ಹೊಂಟು ಬಿಡ್ತು: 'ಬಾ ಬೇ, ಬಾ, ಮಾನ ಕಳೀಬ್ಯಾಡ ಬೇ.' ಬಂದ್ಲು ನೋಡು! ಸೀದಾ ಬಂದು ನನ್ನ ಬೂಟಿನ ಮ್ಯಾಲ ಗದ್ದ ಇಟ್ಲು. ಖುಷಿಗೆ ಎರಡ ಮೀನ ಕೊಟ್ಟೆ. ಮರುದಿನಾನೂ ಅಂದೆ, ಮರುದಿನಾನೂ ಬಂದ್ಲು. ಮೇಡಂಗ ಅದು 'ಬೇಬಿ' ಅಂತ ಕೇಳಿಸ್ತು. ಇಂವ ಲಾಡಲೆ 'ಬೇಬಿ, ಬೇಬಿ' ಅಂತಾನ ಅಂತ ತಿಳಕೊಂಡು ಅವರೂ ಬೇಬಿ ಅಂದ್ರು, ಅಕಿ ಅವರ ಕಡಿನೂ ಹೋದ್ಲು. ನಾ ತಿದ್ದಲಿಲ್ಲ. ಅದ ನನ್ನ ತಪ್ಪು.

ಹ್ವಾದ ಶುಕ್ರವಾರ ಇಲ್ಲಿ ರಜಾ, ಮಂದಿ ಜಾತ್ರಿ ಆದಂಗ ತುಂಬಿದ್ರು. ಆಟ ನಡದದ, ರೂಬಿ ಕಟ್ಟಿ ಮ್ಯಾಲ ಕುಂತು ಮೂಗಿನ ಮ್ಯಾಲ ಚೆಂಡ ನಿಂದರಿಸ್ಯಾಳ. ಮುಂದಿನ ಸಾಲಿನಾಗ ಒಬ್ಬಾಕಿ ಹೆಣ್ಮಗಳು, ಅಕಿ ಕೂಸು ಐಸ್‌ಕ್ರೀಮ್ ಹಿಡಕೊಂಡು ಮೆಟ್ಟಲಾ ಇಳದು ಓಡ್ತು, ಅಕಿ ಎದ್ದು 'ಬೇಬಿ! ಬೇಬಿ!' ಅಂತ ಒದರಿದ್ಲು. ಚೆಂಡ ಬಿತ್ತು. ನಮ್ಮ ರೂಬಿ ಕಟ್ಟಿ ಇಳದು, ಆಟಾ ಬಿಟ್ಟು, ಒದ್ದಿ ಹೊಟ್ಟಿ ಬಡ್ಕೋತ ಅಕಿ ಮುಂದಿನ ಕಟಕಟಿ ತನಕ ಹೋಗಿ, ಗದ್ದ ಮ್ಯಾಲ ಮಾಡಿ, ಡಾಕ್ಟರಿಗೆ ತೋರಿಸಿದಂಗ ಆ ಅಂತ ಬಾಯಿ ತಗದು ಎಲ್ಲಾ ಹಲ್ಲ ತೋರಿಸಿದ್ಲು. ಆ ಹೆಣ್ಮಗಳು ಚೀರಿದ್ದಕ್ಕ ಪಾರಿವಾಳ ಸುದ್ದಾ ಎದ್ದು ಹಾರಿದ್ವು. ಐಸ್‌ಕ್ರೀಮ್ ಬಿತ್ತು, ರೂಬಿ ಮೂಸಿ ನೋಡಿ ಬಿಟ್ಟಳು. ಯಾರಿಗೂ ಏನೂ ಆಗಲಿಲ್ಲ ಬೇ, ನಡುವ ಕಟಕಟಿ ಇತ್ತು. ಆದ್ರ ಆಗಬಹುದಿತ್ತು. ನೂರ ಕಿಲೋ ಹತ್ರ ಜನಾವರ ತನ್ನ ಜಾಗಾ ಬಿಟ್ಟು ಮಂದಿ ಕಡಿ ಹೋತು, ಯಾರ ದೆಸಿಂದ? ನಿನ್ನ ಮಗನ ದೆಸಿಂದ.

ಆಟ ಮುಗದ ಮ್ಯಾಲ ಮೇಡಂ ಕರದು ಕುಂದರಿಸಿದ್ರು. ಬೇಬಿ ಅಲ್ಲ ಮೇಡಂ, 'ಬಾ ಬೇ', ನಮ್ಮ ಭಾಷಾ, ಅಂದೆ. ಅವರು ವಹಿ ನನ್ನ ಮುಂದ ಸರಿಸಿದ್ರು. ಅದರಾಗ ಎರಡ ಮನಿ: ಮಾತು, ಅರ್ಥ. ಜನಾವರಕ್ಕ ಹೇಳೋ ಪ್ರತಿ ಮಾತಿನ ಅರ್ಥ ಬರೀಬೇಕು ಅಂತ ಕಾಯ್ದೆ. 'ಬಾ' ಬರದೆ. 'ಬೇ' ಮುಂದ ಪೆನ್ನ ನಿಂತು ಬಿಡ್ತು ಯವ್ವಾ. ಬೇ ಅಂದ್ರ ಏನು? ಅವ್ವಗ ಅಂತೀವಿ, ಅಕ್ಕಗ ಅಂತೀವಿ, ಜಗಳದಾಗ ಅಂತೀವಿ, ಉಣ್ಣಾಕ ನೀಡು ಅನ್ನುವಾಗ ಅಂತೀವಿ, ಹೊರಗಿನ ಹೆಣ್ಮಗಳಿಗೆ ಅಂದ್ರ ಕಾಲಾಗಿನ ಚಪ್ಪಲಿ ತಗೋತಾಳ. ಇದನ್ನ ಇಂಗ್ಲೀಷಿನಾಗ ಏನಂತ ಬರೀಲಿ? ಕಡೀಕ 'ಮನ್ಯಾಗಿನ ಹೆಣ್ಮಕ್ಕಳನ್ನ ಕರಿಯೂ ಮಾತು' ಅಂತ ಬರದೆ. ಮೇಡಂ ಓದಿ ನಗಲಿಲ್ಲ. 'ಹಂಗಾದ್ರ ಇದನ್ನ ಮನಿಗೆ ಇಟ್ಕೋ. ರೂಬಿ ಕಡಿಂದ ವಾಪಸ್ ತಗೋ. ಇದ ನಿನ್ನ ಮೊದಲ ಪರೀಕ್ಷಾ' ಅಂದ್ರು.

ವಾಪಸ್ ತಗೊಳ್ಳೂದು ಹ್ಯಾಂಗ ಗೊತ್ತೇನು? ಬೈಯೂದಿಲ್ಲ, ಓಡಸೂದಿಲ್ಲ. ನಾ 'ಬಾ ಬೇ' ಅನಬೇಕು, ಅಕಿ ಬರ್ತಾಳ, ಬಂದಾಗ ನಾ ಏನೂ ಮಾಡಬಾರದು. ಮೀನ ಇಲ್ಲ, ಮಾತಿಲ್ಲ, ಕಣ್ಣಾಗ ಕಣ್ಣ ಇಡಂಗಿಲ್ಲ. ಕಲ್ಲ ನಿಂತಂಗ ನಿಂದರಬೇಕು. ಬಂದ್ರೂ ಏನೂ ಸಿಗಂಗಿಲ್ಲ ಅಂತ ತಿಳಕೊಂಡು ತಾನೇ ಬಿಡ್ತದ. ಆದ್ರ ಬಿಡೂಕಿಂತ ಮೊದಲ ಜನಾವರ ಜೋರ ಮಾಡ್ತದ ಅಂತ ಪುಸ್ತಕದಾಗ ಅದ. ಶನಿವಾರ ರೂಬಿ ಬಂದ್ಲು, ನಾ ಕಲ್ಲ ನಿಂತೆ. ಒದರಿದ್ಲು. ಹೋಗಿ ತನ್ನ ಚೆಂಡ ತಂದು ನನ್ನ ಕಾಲ ಮುಂದ ಇಟ್ಲು. ಆಮ್ಯಾಲ ತನಗ ಬರೋದನ್ನೆಲ್ಲಾ ಒಂದಾದ ಮ್ಯಾಲ ಒಂದ ಮಾಡಿ ತೋರಿಸಿದ್ಲು ಬೇ: ಕೈ ಬೀಸಿದ್ಲು, ಗರಗರ ತಿರಗಿದ್ಲು, ಹಲ್ಲ ತೋರಿಸಿದ್ಲು, ಯಾರೂ ಕೇಳದ ಸೂಜಿಗೆ ರೆಕ್ಕಿ ಚಾಚಿದ್ಲು. 'ಇದಾ? ಇದಲ್ಲಾ? ಇದಾ?' ಅಂದಂಗ. ನಾ ಮಾರಿ ಆ ಕಡಿ ಮಾಡಿ ನಿಂತಿದ್ದೆ. ಆಗ ನನಗ ಹೊಳೀತು, ನನಗೂ ಇದ ನಡದದ ಅಂತ. ನೀ ಯಾವ ಕ್ಲಾಸಿಗೂ ಹೋಗಿಲ್ಲ, ಯಾವ ಪುಸ್ತಕಾನೂ ಓದಿಲ್ಲ, ಇಪ್ಪತ್ನಾಕ ದಿನಾ ಕಲ್ಲ ನಿಂತಂಗ ನಿಂತಿ. ನಾ ದಿನಾ ವಾಯ್ಸ್ ಕಳಸೇನಿ, ಎಮ್ಮಿ ಸುದ್ದಿ ಕೇಳೇನಿ, ಹಾಡ ಹಾಡೇನಿ, ಅತ್ತೇನಿ ಸುದ್ದಾ, ನಿನಗ ತಿಳೀಬಾರದಂತ ನೆಗಡಿ ಅಂದೆ. ನೀ ಇಲ್ಲಿಗೆ ಬಂದು ಪರೀಕ್ಷಾಕ್ಕ ಕುಂತ್ರ ಮೊದಲನೇ ನಂಬರ ನಿಂದ.

ಆದ್ರ ನಿನಗ ಒಂದ ಪಾಠ ಗೊತ್ತಿಲ್ಲ, ಅದನ್ನ ನಾ ಹೇಳ್ತೇನಿ. ಮೇಡಂ ಹೇಳಿದ್ದು: ಬರೇ ಕಸಗೊಂಡ್ರ ಜನಾವರ ಕೆಡ್ತದ, ಉಣ್ಣೂದು ಬಿಡ್ತದ, ಮಂದಿ ಮ್ಯಾಲಿನ ನಂಬಿಗಿ ಬಿಡ್ತದ. ಒಂದ ಮಾತ ತಗೊಂಡ್ರ ಅದರ ಬದಲಿ ಬ್ಯಾರೆ ಒಂದ ಕೊಡಬೇಕು, ಅದರ ಕೈಲೆ ಆಗೂವಂಥಾದ್ದು. ಅದಕ್ಕ ರೂಬಿಗೆ ಈಗ ಎದಿ ಮ್ಯಾಲ ಅಂಗೈ ಇಟ್ಟು ಕರಿಯೂದು ಕಲಸಾಕತ್ತೇವಿ. ಅಂಗೈ ಇಟ್ರ ಬಂದ್ಲು, ಸೀಟಿ, ಮೀನ. ಚಂದ ಕಲಿಯಾಕತ್ತಿದ್ಲು, ಇವತ್ತ ನಾ ಫೋನಿನಾಗ ನಿನ್ನ ಕರದು ಕೆಡಿಸಿದೆ. ಹಂಗ ನೀನೂ ಏನರೆ ಕೇಳು ಯವ್ವಾ. ಮೀನ ಬಿಡು ಅನಬ್ಯಾಡ, ಅದು ಆಗಂಗಿಲ್ಲ, ಅದನ್ನ ಬಿಟ್ರ ಈ ಕೆಲಸ ಇಲ್ಲ. ನಾ ತಿಂದಿಲ್ಲ, ಬರೇ ಮುಟ್ಟೇನಿ. ಬಂದೇನವಾಜ ನನ್ನ ಬ್ಯಾಳಿ ಪಾತೇಲಿ ಬ್ಯಾರೆ ಇಟ್ಟಾನ, ತನ್ನ ಸೌಟ ಅದರಾಗ ಅದ್ದಂಗಿಲ್ಲ, ಅದ್ದಿದ್ರ 'ನಿಮ್ಮವ್ವ ಕಾಶಿಬಾಯಿ ಬರ್ತಾಳ ಲೇ' ಅಂತ ತಾನೇ ಅಂಜತಾನ. ನೀ ಹಿಂದಿನ ಸಲ ಗೌರಿ ಈಯುವಾಗ ಮೊಣಕೈ ತನಕ ಕೈ ಹಾಕಿ ಕರಾ ಎಳದಿ. ಆ ಕೈ ತೊಳಕೊಂಡು ಲಿಂಗ ಪೂಜಾ ಮಾಡ್ತಿ, ಅದೇ ಕೈಲೆ ನನಗ ರೊಟ್ಟಿ ಕೊಟ್ಟಿ. ನಾನೂ ಜನಾವರ ಹೊಟ್ಟಿ ತುಂಬಸಾಕತ್ತೇನಿ ಬೇ, ಬ್ಯಾರೇನಿಲ್ಲ. ದಿನಾ ಮಿಂದು ವಿಭೂತಿ ಹಚ್ಚು ಅನ್ನು, ಹಚ್ಚತೇನಿ. ಸೋಮವಾರ ಒಪ್ಪೊತ್ತು ಹಿಡಿ ಅನ್ನು, ಹಿಡಿತೇನಿ. ಏನರೆ ಒಂದ ಕೇಳು, ಮಾಡಿ ತೋರಸ್ತೇನಿ. ಏನೂ ಕೇಳದ ಸುಮ್ನ ಕೂಡಬ್ಯಾಡ.

ಬಾಯಿ ಒಣಗ್ತು. ಅಪ್ಪಗ ಶರಣು, ಕೆಮ್ಮಿಗೆ ಬೀಡಿ ಔಷಧ ಅಲ್ಲ ಅಂತ ಹೇಳು. ಗುರುಲಿಂಗನ ಮ್ಯಾಲ ನನಗ ಸಿಟ್ಟಿಲ್ಲ, ಅವನ ಲಗ್ನದಾಗ ಅವನ ಕುಣಿತದ ವಿಡಿಯೋ ನಾನೂ ತಗೀತೇನಿ. ಗೌರಿ ಕರಕ್ಕ ಹೆಸರ ಇಟ್ಟಿಲ್ಲಂದ್ರ ನನ್ನ ಕೇಳದ ಇಡಬ್ಯಾಡ್ರಿ. ಭಾಗ್ಯಾಗ ಓದಿದ್ದಕ್ಕ ಒಂದ ಒಳ್ಳೆ ಗಡಿಯಾರ ತರ್ತೇನಿ. ನಿನ್ನ ಪಾದಕ್ಕ ಇಲ್ಲಿಂದ ಹಣಿ ಹಚ್ಚೇನಿ, ನೀ ಎಷ್ಟು ಸಿಟ್ಟಿಲೆ ಕಾಲ ಹಿಂದ ತಗೊಂಡ್ರೂ ಅದು ಮುಟ್ಟತದ.

ನಿನ್ನ,
ಶ್ರೀಮಂತ

ತಾ.ಕ.: ಭಾಗ್ಯಾ, ಇದನ್ನ ಲಗೂನ ಓದಿ ಮುಗಸು, ನಿಂತ್ರ ನನಗ ಧೈರ್ಯ ಹೋಗ್ತದ. ಅವ್ವಾ, ಗುರುವಾರ ಕಡೀ ದಿನಾ ಅಂದೆನಲ್ಲ, ಅದು ಸುಳ್ಳ. ಸಹಿ ಆಗ್ಯಾದ. ಶುಕ್ರವಾರನ. ಆ ಗದ್ದಲ ಆದ ಮ್ಯಾಲ ಮೇಡಂ 'ಇನ್ನೂ ಬೇಕೇನು ನಿನಗ ಈ ಕೆಲಸ?' ಅಂತ ಕೇಳಿದ್ರು, ಅವರ ಮಾತ ಮುಗಿಯೂದ್ರೊಳಗ ಪೆನ್ನ ಕಸಗೊಂಡು ಮೂರೂ ಹಾಳಿ ಮ್ಯಾಲ ಸಹಿ ಒತ್ತಿ ಬಿಟ್ಟೆ. ನಿನ್ನ ಕೇಳಬೇಕಿತ್ತು ಅಂತ ನೆಪ್ಪ ಆಗಿದ್ದು ಖೋಲಿಗೆ ಬಂದು ಬೂಟ ಬಿಚ್ಚುವಾಗ. ಇಷ್ಟೊತ್ತ ನಿನ್ನ ಹೂಂ ಕೇಳಿದಂಗ ನಾಟಕ ಮಾಡಿದೆ, ನನಗ ಹೂಂ ಬ್ಯಾಡ, ನಿನ್ನ ದನಿ ಬೇಕು. ಬೈಯಾಕರೆ ಫೋನ್ ಮಾಡು. ದೀಪಾವಳಿಗೆ ಹದಿನೈದ ದಿನಾ ಸುಟ್ಟಿ ಕೊಡ್ತಾರ, ಮನಿಗೆ ಬರಬೇಕೋ ಬ್ಯಾಡೋ ಅದನ್ನೂ ಆಗ ಹೇಳು. ಗುರುವಾರ ಸಂಕ್ರಾಂತಿ, ನನಗ ಎರಡ ಆಟದ ನಡುವ ಒಂದ ತಾಸ ಖಾಲಿ. ನಾ ಕೊಳದ ಹತ್ರ ಇರಂಗಿಲ್ಲ, ಹೊರಗ ಗೇಟಿನ ಹತ್ರ ನಿಂದರ್ತೇನಿ. ನಾ ಮಾಡಂಗಿಲ್ಲ, ನೀ ಮಾಡು. ನಿಮ್ಮ ಗಡಿಯಾರದಾಗ ಮಧ್ಯಾಹ್ನ ಮೂರೂವರಿ.